ಹಬ್ಬದ ಮನೆಯಾಟಗಳೂ ಕಾವ್ಯದ ನೆತ್ತವೂ

೧

ನೆತ್ತವು ಕನ್ನಡ ಕಾವ್ಯಗಳಲ್ಲಿ ಅನರ್ಥಪರಂಪರೆಗೆ ಮೂಲವೆಂದು ವರ್ಣಿತವಾಗಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ. ಕ್ರಿ.ಶ. ೯೪೧ರ ಪಂಪನ ವಿಕ್ರಮಾರ್ಜುನವಿಜಯ, ಕುಮಾರವ್ಯಾಸನ ಭಾರತದ ಸಭಾಪರ್ವ, ಕನಕದಾಸರ ನಳಚರಿತ್ರೆ, ಈ ಮೂರರಲ್ಲಿಯೂ ರಾಜ್ಯಭ್ರಂಶಕ್ಕೆ ದಾರಿಯಾದುದು ನೆತ್ತದ ಹಾಸೇ ಆಗಿದೆ. ಈ ಭಾಗಗಳನ್ನು ಪಾಠಹೇಳುವವರು ದ್ಯೂತನಿಂದೆಯನ್ನೇ ತಾತ್ಪರ್ಯವೆಂದು ನಿರ್ಣಯಿಸಿ ಮುಂದಿನ ಪ್ರಕರಣಕ್ಕೆ ಸಾಗುವುದು ವಾಡಿಕೆ. ಆದರೆ ಅದೇ ಬಗೆಯ ಹಾಸು, ಅದೇ ಬಗೆಯ ಕವಡೆ, ಬಲಿಪಾಡ್ಯಮಿಯ ಮಧ್ಯಾಹ್ನ ಊಟದ ತರುವಾಯ ನಡುಮನೆಗೆ ಬರುವುವು. ಎಪ್ಪತ್ತು ದಾಟಿದ ಅಜ್ಜಿ ಒಂದು ಕಡೆ, ಏಳು ತುಂಬದ ಮೊಮ್ಮಗ ಇನ್ನೊಂದು ಕಡೆ, ಸೊಸೆಯೂ ಮೈದುನನೂ ಉಳಿದೆರಡು ಕಡೆ ಕುಳಿತು ಗರ ಹಾಕುವರು. ಕಾವ್ಯವು ಹಳಿದುದನ್ನು ಹಬ್ಬವು ಬರಮಾಡಿಕೊಳ್ಳುತ್ತದೆ. ಈ ವಿರೋಧವು ತೋರಿಕೆಯದೋ ವಾಸ್ತವವೋ ಎಂಬುದು ವಿಚಾರಾರ್ಹ.

ಈ ವಿಷಯದಲ್ಲಿ ಎರಡು ಮತಗಳು ಬಳಕೆಯಲ್ಲಿವೆ. ಮನೆಯಾಟವೂ ದ್ಯೂತವೇ, ಪಣವು ಕಿರಿದಾದುದರಿಂದ ದೋಷವೂ ಕಿರಿದು, ಅಷ್ಟೇ ಎಂಬುದು ಒಂದು. ಮನೆಯಾಟವು ಕೇವಲ ಬಾಲಲೀಲೆ, ಶಾಸ್ತ್ರಕ್ಕಾಗಲಿ ಕಾವ್ಯಕ್ಕಾಗಲಿ ಅದರಿಂದ ಏನೂ ಆಗಬೇಕಾದುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಶಾಸ್ತ್ರವನ್ನು ಪೂರ್ತಿಯಾಗಿ ನೋಡದೆ ಹುಟ್ಟಿದ ಮತ. ಎರಡನೆಯದು ಕಾವ್ಯವನ್ನು ಪೂರ್ತಿಯಾಗಿ ನೋಡದೆ ಹುಟ್ಟಿದ ಮತ. ಇವೆರಡನ್ನೂ ಕ್ರಮವಾಗಿ ಪರೀಕ್ಷಿಸಿ, ಆಮೇಲೆ ಮನೆಯಾಟಗಳ ನಿಯಮಗಳನ್ನೇ ಒಂದು ಗ್ರಂಥಪಾಠದಂತೆ ಎದುರಿಗಿಟ್ಟುಕೊಂಡು ವಿಮರ್ಶಿಸುವುದು ಈ ಲೇಖನದ ಉದ್ದೇಶ.

೨

ಮೊದಲನೆಯ ಮತಕ್ಕೆ ಆಧಾರವೆಂದು ತೋರುವುದು ಮನುವಿನ ಒಂಬತ್ತನೆಯ ಅಧ್ಯಾಯ. ಅಲ್ಲಿ ನಿರ್ಜೀವವಸ್ತುಗಳಿಂದ ಆಡುವುದು ದ್ಯೂತವೆಂದೂ, ಕೋಳಿ ಟಗರು ಮುಂತಾದ ಸಜೀವಗಳನ್ನು ಹೂಡಿ ಆಡುವುದು ಸಮಾಹ್ವಯವೆಂದೂ ವಿಭಾಗಮಾಡಿ, ಎರಡನ್ನೂ ರಾಜನು ತನ್ನ ನಾಡಿನಿಂದ ಹೊರಗಟ್ಟಬೇಕೆಂದು ವಿಧಿಸಿದೆ. ಅಷ್ಟೇ ಅಲ್ಲ, ದ್ಯೂತವು ಪೂರ್ವಕಾಲದಲ್ಲಿ ಮಹಾವೈರಕ್ಕೆ ಕಾರಣವಾಗಿ ಕಂಡುಬಂದಿರುವುದರಿಂದ ಬುದ್ಧಿವಂತನು ಅದನ್ನು ನಗೆಗಾಗಿಯಾದರೂ ಆಡಬಾರದೆಂದು ಹೇಳಿದೆ. ನಗೆಗಾಗಿ ಆಡುವುದೇ ಹಬ್ಬದ ಆಟದ ಲಕ್ಷಣವಾದುದರಿಂದ, ಈ ನಿಷೇಧವು ನಡುಮನೆಯ ಚೌಕಾಬಾರಕ್ಕೂ ತಟ್ಟುವಂತೆ ತೋರುವುದು ಸಹಜ.

ಆದರೆ ಧರ್ಮಶಾಸ್ತ್ರವು ಮನುವಿನಲ್ಲಿಯೇ ಮುಗಿಯುವುದಿಲ್ಲ. ಯಾಜ್ಞವಲ್ಕ್ಯನು ದ್ಯೂತವನ್ನು ನಿಷೇಧಿಸದೆ ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿ, ಸಭಿಕನಿಗೆ ಸಲ್ಲಬೇಕಾದ ಪಾಲನ್ನೂ ರಾಜನಿಗೆ ಸಲ್ಲಬೇಕಾದ ಭಾಗವನ್ನೂ ನಿಗದಿಮಾಡುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಎರಡು ಸ್ಮೃತಿಗಳಿಗೂ ಸಮನ್ವಯವನ್ನು ಹೇಳಿದ್ದಾನೆ. ಆತನ ಪ್ರಕಾರ ಮನುವಿನ ನಿಷೇಧವಚನಗಳು ಮೋಸದ ದಾಳಗಳಿಂದ ಆಡುವ ಆಟಕ್ಕೂ, ರಾಜಾಧ್ಯಕ್ಷನೂ ಸಭಿಕನೂ ಇಲ್ಲದೆ ನಡೆಯುವ ಆಟಕ್ಕೂ ಅನ್ವಯಿಸತಕ್ಕವು. ನಾರದನು ಕೊಡುವ ಲಕ್ಷಣದಲ್ಲಿಯೂ ಕುಟಿಲತೆ ಹಾಗೂ ಪಣ ಎಂಬ ಅಂಶಗಳು ಸೇರಿವೆ. ಹೀಗಿರುವಲ್ಲಿ ಪಣವೂ ಕೌಟಿಲ್ಯವೂ ಇಲ್ಲದ ಮನೆಯಾಟವು ಲಕ್ಷಣದಿಂದಲೇ ಹೊರಗುಳಿಯುತ್ತದೆ. ಅದು ಕಿರಿಯ ದೋಷವಲ್ಲ, ಬೇರೆಯೇ ವಸ್ತು.

ಇದಕ್ಕೆ ಹಬ್ಬದ ಶಾಸ್ತ್ರವೂ ಪೋಷಕವಾಗಿದೆ. ಕಾರ್ತಿಕ ಶುದ್ಧ ಪ್ರತಿಪದೆಗೆ ಧರ್ಮನಿಬಂಧಗಳಲ್ಲಿ ದ್ಯೂತಪ್ರತಿಪದೆಯೆಂಬ ಹೆಸರುಂಟು. ಆ ದಿನ ಶಂಕರನೂ ಪಾರ್ವತಿಯೂ ಆಡಿದರೆಂದೂ, ಶಂಕರನು ಸೋತು ಪಾರ್ವತಿಯು ಗೆದ್ದಳೆಂದೂ ಪುರಾಣಕಥೆ. ಆಶ್ವಯುಜ ಹುಣ್ಣಿಮೆಯ ಕೋಜಾಗರದಲ್ಲಿ ಎಚ್ಚರವಾಗಿದ್ದು ಪಗಡೆಯಾಡುವವರಿಗೆ ಲಕ್ಷ್ಮಿಯು ಒಲಿಯುವಳೆಂದು ಹೇಳಿದೆ. ವಾತ್ಸ್ಯಾಯನನು ಊರೊಟ್ಟಾಗಿ ಆಡುವ ಆಟಗಳಲ್ಲಿ ಯಕ್ಷರಾತ್ರಿಯನ್ನೂ ಕೌಮುದೀಜಾಗರವನ್ನೂ ಎಣಿಸಿದ್ದಾನೆ. ಗಮನಿಸಬೇಕಾದ ಅಂಶವೇನೆಂದರೆ, ಪ್ರತಿಪದೆಯ ಕಥೆಯಲ್ಲಿ ಆಡುವವರು ಗಂಡಹೆಂಡಿರು. ಸೋಲುವವನು ಮನೆಯ ಯಜಮಾನ. ಹಬ್ಬದ ಆಟಕ್ಕೆ ಮೇಲ್ಪಂಕ್ತಿಯಾಗಿ ಪುರಾಣವು ಆರಿಸಿಕೊಂಡುದು ದೊಡ್ಡವನು ಸೋಲುವ ಆಟವನ್ನು.

೩

ಇನ್ನು ಕಾವ್ಯಗಳ ವಿಚಾರ. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯದಾದ ಅಕ್ಷಸೂಕ್ತದಲ್ಲಿ ಜೂಜುಗಾರನು ಮನೆಯನ್ನು ಬಿಟ್ಟು ಸಭೆಗೆ ಹೋಗುತ್ತಾನೆ. ಹೆಂಡತಿ ದೂರವಾಗುತ್ತಾಳೆ, ತಾಯಿ ದುಃಖಿಸುತ್ತಾಳೆ. ಕಡೆಯಲ್ಲಿ ದಾಳಗಳನ್ನು ಬಿಟ್ಟು ಹೊಲವನ್ನು ಉಳಬೇಕೆಂಬ ಉಪದೇಶವಾಗುತ್ತದೆ. ಅಲ್ಲಿ ಮನೆ ಒಂದು ಪಕ್ಷ, ನೆತ್ತ ಅದರ ಎದುರುಪಕ್ಷ. ಆದರೆ ಇತಿಹಾಸಕಾವ್ಯಗಳಿಗೆ ಬಂದಾಗ ಸ್ಥಿತಿ ಪಲ್ಲಟವಾಗುತ್ತದೆ. ನಳನೊಡನೆ ಆಡಿದವನು ಒಡಹುಟ್ಟಿದ ಪುಷ್ಕರ. ಯುಧಿಷ್ಠಿರನನ್ನು ಆಟಕ್ಕೆ ಕರೆಯಿಸಿದವನು ದೊಡ್ಡಪ್ಪ. ಎದುರಿಗೆ ಕುಳಿತವನು ದಾಯಾದಿಯ ಸೋದರಮಾವ. ನೋಡಿದವರಲ್ಲಿ ಪಿತಾಮಹನೂ ಇದ್ದನು. ವಿದುರನ ಮೂಲಕ ಹೋದ ಕರೆಯಲ್ಲಿ ವ್ಯಾಸರು ಬಳಸಿದ ಶಬ್ದ ‘ಸುಹೃದ್ದ್ಯೂತ’ ಎಂಬುದು. ಹೊಸ ಸಭೆಯನ್ನು ತಮ್ಮಂದಿರೊಡನೆ ಬಂದು ನೋಡಲಿ, ನೆಂಟರ ನಡುವೆ ಒಂದಾಟವೂ ನಡೆಯಲಿ, ಇಷ್ಟೇ ಆ ಕರೆಯ ಬಾಹ್ಯಾರ್ಥ. ಎಂದರೆ ಭಾರತದ ಮಹಾದ್ಯೂತವು ನಡೆದುದು ಮೂರು ತಲೆಮಾರಿನವರು ಕೂಡಿದ ಮನೆಯಾಟದ ವೇಷದಲ್ಲಿ. ಮನೆಯಾಟಕ್ಕೂ ಕಾವ್ಯಕ್ಕೂ ಸಂಬಂಧವಿಲ್ಲವೆಂಬ ಎರಡನೆಯ ಮತವು ಇಲ್ಲಿಯೇ ಬಿದ್ದುಹೋಗುತ್ತದೆ.

ಹಾಗಾದರೆ ಈ ಆಟವು ಮನೆಯಾಟವಾಗಿ ಉಳಿಯದೆ ಹೋದುದೇಕೆ? ಪಣವೇ ಕಾರಣವೆಂದರೆ ಅರ್ಧ ಉತ್ತರವಾದೀತು. ಉಳಿದರ್ಧವು ನೋಡುತ್ತ ಕುಳಿತ ಹಿರಿಯರಲ್ಲಿದೆ. ವಿದುರನು ಆಟವನ್ನು ನಿಲ್ಲಿಸಬೇಕೆಂದು ಕೂಗಿಕೊಂಡರೂ, ಧೃತರಾಷ್ಟ್ರನು ಮತ್ತೆ ಮತ್ತೆ ಗೆದ್ದೆವೇ ಎಂದು ಹಿಗ್ಗಿ ಕೇಳುತ್ತಿದ್ದನೆಂದು ವ್ಯಾಸರು ಚಿತ್ರಿಸಿದ್ದಾರೆ. ಮನೆಯಾಟದಲ್ಲಿ ಹಿರಿಯನಾದವನಿಗೆ ಪಕ್ಷವಿರಲಾಗದು. ಆಟವು ಹದಮೀರಿದಾಗ ಹಾಸನ್ನು ಮಡಿಸುವ ಅಧಿಕಾರ ಅವನದು. ಆ ಅಧಿಕಾರವುಳ್ಳವನೇ ಲೆಕ್ಕ ಕೇಳತೊಡಗಿದಲ್ಲಿ ಮಡಿಸುವವರು ಯಾರೂ ಉಳಿಯರು. ದ್ರೌಪದಿಗೆ ವರಗಳನ್ನಿತ್ತು ಸೋತುದೆಲ್ಲವನ್ನೂ ಹಿಂದಿರುಗಿಸಿದಾಗ ಧೃತರಾಷ್ಟ್ರನು ಒಮ್ಮೆ ಆ ಕರ್ತವ್ಯವನ್ನು ನೆರವೇರಿಸಿದನೆಂಬುದನ್ನು ಮರೆಯಲಾಗದು. ಆದರೆ ಪಾಂಡವರು ಇನ್ನೂ ದಾರಿಯಲ್ಲಿರುವಾಗಲೇ ಅನುದ್ಯೂತಕ್ಕೆ ಮರಳಿ ಕರೆಯಿಸಿದನು. ಒಮ್ಮೆ ಆಯ್ದುದನ್ನು ತನ್ನ ಕೈಯಿಂದಲೇ ಮತ್ತೆ ಚೆಲ್ಲಿದನು. ಹನ್ನೆರಡು ವರ್ಷದ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಅದರ ಫಲ.

ನಳೋಪಾಖ್ಯಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಭೇದವು ಸ್ಪಷ್ಟವಾಗುತ್ತದೆ. ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಬಂದ ನಳನು ಪುಷ್ಕರನನ್ನು ಗೆದ್ದಮೇಲೆ ಅವನ ಪ್ರಾಣವನ್ನೂ ಪಾಲನ್ನೂ ಅವನಿಗೇ ಬಿಟ್ಟುಕೊಟ್ಟು, ತಮ್ಮನೆಂದು ಆದರಿಸಿ ಕಳುಹಿಸುತ್ತಾನೆ. ಪಣವು ಅಲ್ಲಿಯೂ ರಾಜ್ಯವೇ, ಎದುರಾಳಿ ಅಲ್ಲಿಯೂ ಮನೆಯವನೇ. ಆದರೂ ಒಂದು ಕಥೆ ಕುಲಕ್ಷಯದಲ್ಲಿಯೂ ಇನ್ನೊಂದು ಕುಲದ ಪುನಃಸಂಧಾನದಲ್ಲಿಯೂ ಮುಗಿಯುತ್ತದೆ. ಇದರಿಂದ ಹೊರಡುವ ಸೂತ್ರವಿಷ್ಟು: ಮನೆಯವರ ಆಟದ ಗತಿಯು ಗೆದ್ದವರಾರು ಎಂಬುದರಿಂದ ನಿರ್ಣಯವಾಗುವುದಿಲ್ಲ, ಆಟ ಮುಗಿದಮೇಲೆ ಚೆಲ್ಲಿದುದನ್ನು ಆಯುವವರಾರು ಎಂಬುದರಿಂದ ನಿರ್ಣಯವಾಗುತ್ತದೆ.

೪

ಈ ಸೂತ್ರವು ಕನ್ನಡ ಕವಿಗೆ ತಿಳಿದಿತ್ತೆಂಬುದಕ್ಕೆ ಪಂಪನೇ ಸಾಕ್ಷಿ. ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ಹೇಳಿ ಪಾಂಡವರ ಕಡೆಗೆ ಕರೆದಾಗ, ದುರ್ಯೋಧನನನ್ನು ಬಿಟ್ಟು ಬರಲೊಲ್ಲೆನೆಂಬುದಕ್ಕೆ ಕರ್ಣನು ಕೊಡುವ ಕಾರಣ ಒಂದು ನೆತ್ತದ ಪ್ರಸಂಗ. ಭಾನುಮತಿಯು ನೆತ್ತವಾಡಿ ಸೋತಳು. ಸೋಲವನ್ನು ಕೊಡೆಂದು ಕಾಡುತ್ತಿರುವಲ್ಲಿ ಅವಳ ಹಾರ ಹರಿದು ಮುತ್ತುಗಳು ಚೆದರಿದುವು. ಅದನ್ನು ಕಂಡ ರಾಜನು ಮನಸ್ಸಿನಲ್ಲಿ ಕಿಂಚಿತ್ತೂ ಅನ್ಯಥಾ ಭಾವಿಸದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ವ್ಯಾಸಭಾರತದಲ್ಲಿ ಈ ಪ್ರಸಂಗವಿಲ್ಲ. ಈ ಪದ್ಯದ ಅನ್ವಯದಲ್ಲಿ ಮತಭೇದವುಂಟೆಂಬುದು ಪಂಪನ ಅಭ್ಯಾಸಿಗಳೆಲ್ಲರೂ ಬಲ್ಲ ಸಂಗತಿ. ಭಾನುಮತಿಯ ಎದುರಿಗೆ ಆಡಿದವನು ಕರ್ಣನೋ ದುರ್ಯೋಧನನೋ, ಕಾಡಿದವನು ಯಾರು, ಹಾರಕ್ಕೆ ಕೈಯಿಟ್ಟವನು ಯಾರು ಎಂಬ ಚರ್ಚೆ ಬಹುಕಾಲದಿಂದ ನಡೆದುಬಂದಿದೆ.

ಆ ಚರ್ಚೆಯನ್ನು ಇಲ್ಲಿ ನಿರ್ಣಯಿಸಬೇಕಾದ ಅಗತ್ಯವಿಲ್ಲ. ಏಕೆಂದರೆ ಯಾವ ಅನ್ವಯವನ್ನು ಹಿಡಿದರೂ ಬದಲಾಗದ ಅಂಶಗಳು ಮೂರಿವೆ. ಮೊದಲನೆಯದು, ಪಣದ ಅಲ್ಪತೆ. ಇಲ್ಲಿ ರಾಜ್ಯಕೋಶಗಳು ಒಡ್ಡವಾಗಿಲ್ಲ. ಕೊರಳಲ್ಲಿದ್ದ ಹಾರ ಹರಿದುದೂ ಸಲುಗೆಯ ಎಳೆದಾಟದಿಂದಲೇ ಹೊರತು ಬಲಾತ್ಕಾರದಿಂದಲ್ಲ. ಎರಡನೆಯದು, ‘ಕಾಡು’ ಎಂಬ ಕ್ರಿಯಾಪದ. ಇದು ದ್ಯೂತಸಭೆಯ ಮಾತಲ್ಲ, ಮನೆಯ ಮಾತು. ಮಗು ತಾಯಿಯನ್ನು ಕಾಡುತ್ತದೆ, ಮೈದುನನು ಅತ್ತಿಗೆಯನ್ನು ಕಾಡುತ್ತಾನೆ. ಸಭಿಕನು ಸೋತವನನ್ನು ಕಾಡುವುದಿಲ್ಲ, ಹಿಡಿದು ವಸೂಲುಮಾಡುತ್ತಾನೆ. ಮೂರನೆಯದು, ಆಯುವವನು ಮನೆಯ ಒಡೆಯನೇ ಆಗಿರುವುದು. ಶಂಕೆಗೆ ಎಡೆಯಿದ್ದ ಕ್ಷಣದಲ್ಲಿ ಅವನು ಕೇಳಿದುದು ವಿವರಣೆಯನ್ನಲ್ಲ, ಆಯುವ ಅನುಮತಿಯನ್ನು.

ಪಂಪನ ಔಚಿತ್ಯವು ಇಲ್ಲಿ ಬಹು ಸೂಕ್ಷ್ಮವಾದುದು. ಪಾಂಡವರ ಸರ್ವಸ್ವವನ್ನೂ ನೆತ್ತದಿಂದಲೇ ಕಸಿದುಕೊಂಡವನು ದುರ್ಯೋಧನ. ಅದೇ ದುರ್ಯೋಧನನ ಹಿರಿಮೆಯನ್ನು ಕರ್ಣನು ಅದೇ ನೆತ್ತದಿಂದಲೇ ನಿರೂಪಿಸುತ್ತಾನೆ. ಸಭೆಯ ಹಾಸಿನ ಮುಂದೆ ಅಧಮನಾಗಿ ಕಂಡವನು ಅಂತಃಪುರದ ಹಾಸಿನ ಮುಂದೆ ಉತ್ತಮನಾಗಿ ಕಾಣುವನು. ದ್ಯೂತನಿಂದೆಯೊಂದೇ ಕವಿಯ ತಾತ್ಪರ್ಯವಾಗಿದ್ದ ಪಕ್ಷದಲ್ಲಿ ಈ ಪದ್ಯಕ್ಕೆ ಕಾವ್ಯದಲ್ಲಿ ಸ್ಥಾನವೇ ಇರುತ್ತಿರಲಿಲ್ಲ. ಸಾಧನವು ಒಂದೇ ಆಗಿರಲು ಸ್ಥಾನಭೇದದಿಂದ ಫಲಭೇದವಾಗುವುದನ್ನು ಕವಿಯು ತೋರಿಸಿರುವನೆಂದು ಹೇಳುವುದೇ ಯುಕ್ತ. ತರಗತಿಗಳಲ್ಲಿ ಈ ಪದ್ಯವನ್ನು ಸ್ನೇಹದ ಉದಾಹರಣೆಯಾಗಿ ಮಾತ್ರ ಬೋಧಿಸಿ, ಅದನ್ನು ಕಪಟದ್ಯೂತದ ಪ್ರಕರಣದೊಡನೆ ಹೋಲಿಸದೆ ಬಿಡುವುದರಿಂದ ಈ ಧ್ವನಿಯು ವಿದ್ಯಾರ್ಥಿಗಳಿಗೆ ತಲಪದೆ ಹೋಗುತ್ತಿದೆ.

೫

ಪಣವಿಲ್ಲದಿದ್ದರೆ ಆಟವು ನಿರಪಾಯವೆಂದು ಮೇಲಿನ ವಿಚಾರದಿಂದ ಯಾರಾದರೂ ಸಿದ್ಧಾಂತಮಾಡಿಕೊಂಡಲ್ಲಿ, ಅವರಿಗೆ ಉತ್ತರವಾಗಿ ನಿಲ್ಲುವುದು ತುಳುನಾಡಿನ ಸಿರಿಯ ಮಹಾಕಾವ್ಯ. ಬಾಯಿಂದ ಬಾಯಿಗೆ ಹರಿದುಬಂದ ಈ ಕಾವ್ಯದ ಒಂದು ಪಾಠವು ಗೋಪಾಲ ನಾಯ್ಕರು ಹಾಡಿದಂತೆ ದಾಖಲಾಗಿ, ಫಿನ್ಲೆಂಡಿನ ಲೌರಿ ಹೊಂಕೊ ಮೊದಲಾದ ವಿದ್ವಾಂಸರ ಸಂಪಾದನೆಯಲ್ಲಿ ೧೯೯೮ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಹಾಡುವವರಿಂದ ಹಾಡುವವರಿಗೆ ವಿವರಗಳು ವ್ಯತ್ಯಾಸಗೊಂಡರೂ ಕಥೆಯ ಕೊನೆಯ ಭಾಗದ ತಿರುಳು ಹೀಗಿದೆ. ಸಿರಿಯ ಮಗಳಾದ ಸೊನ್ನೆಗೆ ಅಬ್ಬಗ ದಾರಗ ಎಂಬ ಅವಳಿ ಹೆಣ್ಣುಮಕ್ಕಳು. ಇವರಿಬ್ಬರೂ ಚೆನ್ನೆಯಾಡಲು ಕುಳಿತರು. ಸೋಲುಗೆಲವಿನ ಮಾತು ಬೆಳೆದು ಒಬ್ಬಳು ಇನ್ನೊಬ್ಬಳನ್ನು ಚೆನ್ನೆಮಣೆಯಿಂದಲೇ ಹೊಡೆದಳು. ಹೊಡೆತ ತಿಂದವಳು ಸತ್ತಳು. ಹೊಡೆದವಳು ಬಾವಿಗೆ ಹಾರಿದಳು. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ತುಳುನಾಡಿನಲ್ಲಿ ಬೇರೂರಿದೆ.

ಇಲ್ಲಿ ರಾಜ್ಯವಿಲ್ಲ, ಪಣವಿಲ್ಲ, ಕಪಟವಿಲ್ಲ. ಮರದ ಮಣೆ, ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು, ಇಷ್ಟೇ ಸಲಕರಣೆ. ಆದರೂ ಮರಣವಾಯಿತು. ಕಾರಣವನ್ನು ಆಟದ ಸ್ವಭಾವದಲ್ಲಿ ಹುಡುಕಬೇಕು. ಚೆನ್ನೆಯಲ್ಲಿ ಕವಡೆಯಿಲ್ಲ, ದಾಳವಿಲ್ಲ. ಅದೃಷ್ಟಕ್ಕೆ ಎಡೆಯೇ ಇಲ್ಲ. ಯಾವ ಗುಳಿಯಿಂದ ಕಾಯಿಗಳನ್ನೆತ್ತಿ ಹಂಚಿದರೆ ಎಲ್ಲಿ ಮುಗಿಯುವುದೆಂಬ ಎಣಿಕೆಯೇ ಆಟ. ಆದುದರಿಂದ ಸೋತವರಿಗೆ ತಮ್ಮ ಬುದ್ಧಿಯ ಹೊರತು ದೂರಲು ಬೇರೊಂದಿಲ್ಲ. ಆಡಿದವರು ಅವಳಿಗಳು, ಎಂದರೆ ವಯಸ್ಸಿನಲ್ಲಿ ಕ್ಷಣಮಾತ್ರದ ಅಂತರವುಳ್ಳವರು. ಕಿರಿಯಳೆಂದು ಕ್ಷಮಿಸಲೂ ಹಿರಿಯಳೆಂದು ತಲೆಬಾಗಲೂ ಅವಕಾಶವಿಲ್ಲ. ಹಾಸನ್ನು ಮಡಿಸುವ ಮೂರನೆಯವರೂ ಆ ಮಣೆಯ ಬಳಿ ಇರಲಿಲ್ಲ. ಸಮಬಲ, ಶುದ್ಧಬುದ್ಧಿಯ ಆಟ, ಹಿರಿಯರ ಅಭಾವ, ಈ ಮೂರೂ ಕೂಡಿದೆಡೆ ಪಣವಿಲ್ಲದ ಆಟವೂ ಪ್ರಾಣವನ್ನು ಕೇಳಬಲ್ಲುದೆಂಬುದು ಹಾಡಿನ ಕಾವ್ಯದ ದರ್ಶನ. ಸಭಾಪರ್ವದಲ್ಲಿ ಹಿರಿಯರಿದ್ದೂ ಆಯಲಿಲ್ಲ. ಇಲ್ಲಿ ಆಯುವುದಕ್ಕೆ ಹಿರಿಯರೇ ಇರಲಿಲ್ಲ. ಎರಡೂ ಒಂದೇ ಸೂತ್ರದ ಎರಡು ಉದಾಹರಣೆಗಳು.

೬

ಇನ್ನು ಮನೆಯಾಟಗಳ ನಿಯಮಗಳನ್ನೇ ಪಾಠವಾಗಿಟ್ಟುಕೊಂಡು ನೋಡಬಹುದು. ಹಬ್ಬಹುಣ್ಣಿಮೆಗಳಲ್ಲಿ ಹಲವು ವಯಸ್ಸಿನವರು ಕೂಡಿದಾಗ ಕನ್ನಡನಾಡಿನ ಮನೆಗಳು ಹೆಚ್ಚಾಗಿ ಆರಿಸಿಕೊಂಡುದು ಚೌಕಾಬಾರ, ಪಗಡೆ, ಪರಮಪದಸೋಪಾನ ಮುಂತಾದ ಗರದ ಆಟಗಳನ್ನು. ಈ ಆಯ್ಕೆಯು ಆಕಸ್ಮಿಕವಲ್ಲ.

ಚೌಕಾಬಾರದ ಮನೆ ಐದೈದರಂತೆ ಇಪ್ಪತ್ತೈದು ಚೌಕಗಳದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಬಳೆಚೂರು, ಹುಣಸೆಬೀಜ, ಕಡಲೆ, ಯಾವುದಾದರೂ ಕಾಯಿಯಾದೀತು. ನಾಲ್ಕು ಕವಡೆಗಳನ್ನು ಚೆಲ್ಲಿ, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಕವಡೆಯು ಎರಡು ಬಗೆಯಾಗಿಯೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ ಬೀಳತಕ್ಕ ರೀತಿಗಳು ಹದಿನಾರು. ಅವುಗಳಲ್ಲಿ ಒಂದು ಬೀಳುವುದು ನಾಲ್ಕು ರೀತಿ, ಎರಡು ಬೀಳುವುದು ಆರು ರೀತಿ, ಮೂರು ಬೀಳುವುದು ನಾಲ್ಕು ರೀತಿ. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎಂದರೆ ಮತ್ತೊಮ್ಮೆ ಗರ ಹಾಕುವ ಭಾಗ್ಯವು ಎಂಟಕ್ಕೆ ಒಂದು ಸಲ ಬಂದೀತು. ಈ ಎಣಿಕೆಯಲ್ಲಿ ಅಜ್ಜಿಯ ಅರುವತ್ತು ವರ್ಷದ ಅನುಭವಕ್ಕೆ ಒಂದು ಕವಡೆಯಷ್ಟೂ ಬೆಲೆಯಿಲ್ಲ. ವಿದ್ಯೆ, ವಯಸ್ಸು, ಅಧಿಕಾರ ಇವುಗಳಿಂದ ಮನೆಯಲ್ಲಿ ಏರ್ಪಟ್ಟಿರುವ ತಾರತಮ್ಯವು ಕವಡೆ ನೆಲಕ್ಕೆ ಬೀಳುವಷ್ಟು ಹೊತ್ತು ಇಲ್ಲವಾಗುತ್ತದೆ. ಸಭೆಯಲ್ಲಿ ವಿನಾಶಕ್ಕೆ ಕಾರಣವಾದ ಅದೃಷ್ಟವು ನಡುಮನೆಯಲ್ಲಿ ಸಮತೆಗೆ ಕಾರಣವಾಗುತ್ತದೆ.

ಇದರಿಂದ ಇನ್ನೊಂದು ಧರ್ಮಸೂಕ್ಷ್ಮವೂ ಪರಿಹಾರವಾಗುವುದು. ಬುದ್ಧಿಯ ಆಟದಲ್ಲಿ ಮಗುವನ್ನು ಗೆಲ್ಲಿಸಬೇಕಾದರೆ ಹಿರಿಯರು ಬೇಕೆಂದೇ ತಪ್ಪಬೇಕು. ಬೇಕೆಂದೇ ತಪ್ಪುವುದು ಕೂಟವೇ ಅಲ್ಲವೇ, ವಿಜ್ಞಾನೇಶ್ವರನು ಹೇಳುವ ಮೋಸದ ದಾಳಕ್ಕೂ ಇದಕ್ಕೂ ಏನು ಭೇದ, ಎಂದು ತರ್ಕಶೀಲರು ಕೇಳಬಹುದು. ಸ್ವಾರ್ಥವಿಲ್ಲದುದರಿಂದ ದೋಷವಿಲ್ಲವೆಂದು ಸಮಾಧಾನ ಹೇಳಬಹುದಾದರೂ, ಏಳು ವರ್ಷದ ಮಗು ಈ ದಯೆಯನ್ನು ಕ್ಷಣಮಾತ್ರದಲ್ಲಿ ಗುರುತಿಸಿ ಸೋಲಿಗಿಂತ ಹೆಚ್ಚಾಗಿ ಅದಕ್ಕೇ ಅಳುವುದು ಮಕ್ಕಳೊಡನೆ ಆಡಿದವರೆಲ್ಲರ ಅನುಭವ. ಗರದ ಆಟದಲ್ಲಿ ಈ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಮಗು ನಿಜವಾಗಿಯೇ ಗೆಲ್ಲುತ್ತದೆ, ಅಜ್ಜಿ ನಿಜವಾಗಿಯೇ ಸೋಲುತ್ತಾಳೆ.

ಬುದ್ಧಿಗೂ ಎಡೆಯಿಲ್ಲದಿಲ್ಲ. ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ನಿಲ್ಲಿಸಬೇಕು ಎಂಬಲ್ಲಿ ವಿವೇಕ ಬೇಕು. ಹೊರಸುತ್ತಿನ ಹದಿನಾರು, ಒಳಸುತ್ತಿನ ಎಂಟು, ನಡುವಿನ ಒಂದು, ಈ ಕ್ರಮದಲ್ಲಿ ತನ್ನ ಮನೆಯಿಂದ ನಡುಮನೆಗೆ ಒಂದು ಕಾಯಿಗೆ ಇಪ್ಪತ್ತನಾಲ್ಕು ಹೆಜ್ಜೆ. ಈ ದಾರಿಯಲ್ಲಿ ಎದುರಾಳಿಯು ಕಡಿದರೆ ಕಾಯಿ ಸಾಯುವುದಿಲ್ಲ. ತನ್ನ ಮನೆಗೆ ಮರಳಿ ಮೊದಲಿನಿಂದ ನಡೆಯುತ್ತದೆ. ಒಬ್ಬರನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬುದು ಅನೇಕ ಮನೆಗಳ ಕಟ್ಟಳೆ. ನಡುಮನೆ ಸೇರಿದ ಕಾಯಿಗೆ ‘ಹಣ್ಣು’ ಎಂದು ಹೆಸರು. ಕನ್ನಡದ ಈ ಪರಿಭಾಷೆಯು ಕಾವ್ಯಾರ್ಥಚಿಂತಕರ ಗಮನಕ್ಕೆ ಅರ್ಹವಾದುದು. ಸಭೆಯಲ್ಲಿ ಒಡ್ಡಿದ ವಸ್ತುವು ಗೆಲ್ಲುವುದು ಅಥವಾ ಹೋಗುವುದು, ಎರಡೇ ಗತಿ. ಮನೆಯಾಟದಲ್ಲಿ ಮಾತ್ರ ಕಾಯಿ ಮಾಗುತ್ತದೆ. ಎಷ್ಟು ಸಲ ಕಡಿಸಿಕೊಂಡರೂ ಮಾಗುವ ದಾರಿ ಮುಚ್ಚುವುದಿಲ್ಲ. ಚೆಲ್ಲಿದುದನ್ನು ಆಯುವ ಕೆಲಸವನ್ನು ಇಲ್ಲಿ ನಿಯಮವೇ ವಹಿಸಿಕೊಂಡಿದೆ.

ಪಗಡೆಯಲ್ಲಿ ಇದೇ ಉದ್ದೇಶವು ಬೇರೆ ರೀತಿಯಿಂದ ಸಾಧಿತವಾಗುವುದು. ನಾಲ್ವರು ಆಡುವಲ್ಲಿ ಎದುರುಬದುರು ಕುಳಿತವರು ಜೊತೆ. ಆದುದರಿಂದ ಚಿಕ್ಕವರನ್ನು ಹಿರಿಯರೊಡನೆ ಸೇರಿಸಿ ಬಲವನ್ನು ಸಮಮಾಡಬಹುದು. ಸೋಲಾದರೂ ಒಬ್ಬರದೇ ಆಗುವುದಿಲ್ಲ. ದಕ್ಷಿಣದೇಶದಲ್ಲಿ ವೈಕುಂಠ ಏಕಾದಶಿಯ ಜಾಗರಣೆಗೆ ಒದಗುವ ಪರಮಪದಸೋಪಾನದಲ್ಲಿ ವಿವೇಕಕ್ಕೆ ಎಡೆಯೇ ಇಲ್ಲ. ಹಾವೂ ಏಣಿಯೂ ಎಲ್ಲರಿಗೂ ಒಂದೇ. ಅಕ್ಷರ ಬಾರದ ಮಗುವೂ ಕಣ್ಣು ಕಾಣದ ಮುದುಕರೂ ಅಲ್ಲಿ ಸರಿಸಾಟಿ.

ಇವೆಲ್ಲಕ್ಕಿಂತ ಮಿಗಿಲಾದ ಉಪಾ‌ಯವನ್ನು ಒಂದು ನುಡಿಗಟ್ಟು ಕಾಪಾಡಿಕೊಂಡಿದೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು ಇಂದು ಕೆಲಸಕ್ಕೆ ಬಾರದವರನ್ನು ಹಳಿಯುವ ಮಾತಾಗಿದೆ. ಆದರೆ ಮಕ್ಕಳ ಆಟದಲ್ಲಿ ಅದು ತೀರ ಚಿಕ್ಕವರಿಗೆ ಕೊಡುವ ಒಂದು ಪದವಿ. ಅಂಥ ಮಗು ಎಲ್ಲರೊಡನೆ ಓಡುತ್ತದೆ, ಗರ ಹಾಕುತ್ತದೆ, ಕೂಗುತ್ತದೆ. ಅದು ಸೋತರೆ ಸೋಲಲ್ಲ, ತಪ್ಪಿದರೆ ತಪ್ಪಲ್ಲ. ನಿಯಮದೊಳಗೇ ನಿಯಮದ ವಿನಾಯಿತಿಯನ್ನು ಸ್ಥಾಪಿಸಿದ ಈ ಕಟ್ಟಳೆಗೆ ಸಮನಾದುದು ದ್ಯೂತಶಾಸ್ತ್ರದಲ್ಲಿ ಸಿಕ್ಕದು. ಸಭಿಕನಿಗೆ ಎಲ್ಲವೂ ಲೆಕ್ಕವೇ. ಸೇಕಡ ಇಷ್ಟೆಂದು ಅವನ ಪಾಲೂ ಲೆಕ್ಕದಿಂದಲೇ ಬರತಕ್ಕದ್ದು. ಆಟದಲ್ಲಿ ಸೇರುವುದೂ ಲೆಕ್ಕದಲ್ಲಿ ಸೇರುವುದೂ ಬೇರೆಬೇರೆಯೆಂದು ಕಂಡುಕೊಂಡುದು ಮನೆ.

೭

ಹೀಗಿದ್ದರೂ ಈ ನಿಯಮಗಳು ಗ್ರಂಥಸ್ಥವಾದುದು ಕಡಿಮೆ. ಚಾಲುಕ್ಯ ಮೂರನೆಯ ಸೋಮೇಶ್ವರನ (೧೧೨೬–೧೧೩೮) ಮಾನಸೋಲ್ಲಾಸದ ಐದನೆಯ ವಿಂಶತಿಯಲ್ಲಿ ಪ್ರಹೇಲಿಕೆ, ಚತುರಂಗ, ಪಾಶಕ, ವರಾಟಿಕೆ ಮೊದಲಾದ ಕ್ರೀಡೆಗಳ ವಿವರಣೆಯುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲಾದುದು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಪಟಗಳು ಚಿತ್ರಿತವಾಗಿವೆ. ಇವು ಅಮೂಲ್ಯವಾದ ಸಾಮಗ್ರಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವುಗಳಿಗೆ ಅಧಿಕಾರಿಯು ರಾಜ, ಆವರಣವು ಅರಮನೆ. ಕಾಯಿ ನಡೆಯುವ ಕ್ರಮವನ್ನು ಹೇಳಿದ ಶಾಸ್ತ್ರಕಾರರು ಮಗು ಅತ್ತಾಗ ನಡೆಯಬೇಕಾದ ಕ್ರಮವನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಅದು ಹೆಂಗಸರ ಬಾಯಲ್ಲಿ, ಮನೆಗೊಂದು ಪಾಠವಾಗಿ ಉಳಿದುಬಂದಿತು.

ಆ ಪಾಠವು ಅಳಿಯುವ ಸಂಭವವು ಈಗ ಹೆಚ್ಚಾಗಿದೆ. ಭಾರತದ ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ ೧೮೯೬ರಲ್ಲಿ ಹಕ್ಕುಪತ್ರ ಪಡೆದ ಲೂಡೋ ಈಗ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಸೇರಿಕೊಂಡು ಹಬ್ಬದ ಮನೆಯೊಳಗೂ ಬಂದಿದೆ. ಆಟ ಬದಲಾದುದು ದೊಡ್ಡ ನಷ್ಟವಲ್ಲ; ನಿಯಮವನ್ನು ಪಾಲಿಸುವ ಅಧಿಕಾರವು ಯಂತ್ರಕ್ಕೆ ಹೋದುದು ನಷ್ಟ. ಯಂತ್ರವು ಗರದಲ್ಲಿ ತಪ್ಪೆಣಿಸುವುದಿಲ್ಲ, ಪಕ್ಷಪಾತವನ್ನೂ ಮಾಡುವುದಿಲ್ಲ. ಆದರೆ ಅದಕ್ಕೆ ಲೆಕ್ಕಕ್ಕಿಲ್ಲದ ಆಟಗಾರರೇ ಇಲ್ಲ. ಹಾಸನ್ನು ಮಡಿಸುವ ಹೊತ್ತು ಯಾವುದೆಂಬುದೂ ಅದಕ್ಕೆ ತಿಳಿಯದು. ಹಣವನ್ನೊಡ್ಡಿ ಜಾಲದಲ್ಲಿ ಆಡುವ ಆಟಗಳನ್ನು ನಿಷೇಧಿಸುವ ಶಾಸನವೊಂದನ್ನು ಭಾರತದ ಸಂಸತ್ತು ೨೦೨೫ರಲ್ಲಿ ಅಂಗೀಕರಿಸಿತು. ಮನುವೂ ಯಾಜ್ಞವಲ್ಕ್ಯನೂ ಕೈಹಾಕಿದ ಪ್ರಶ್ನೆಯೇ ಇದು, ಪಣದ ಪ್ರಶ್ನೆ. ರಾಜಶಾಸನದಿಂದ ಆಗುವುದು ಇಷ್ಟೇ. ಪಣವನ್ನು ತೆಗೆದಮೇಲೂ ಉಳಿಯುವ ಪ್ರಶ್ನೆಗೆ, ಅಬ್ಬಗ ದಾರಗರ ಪ್ರಶ್ನೆಗೆ, ಶಾಸನದಲ್ಲಿ ಉತ್ತರವಿರಲಾರದು.

ಆದಕಾರಣ ಸಂಶೋಧಕರು ಕೈಗೊಳ್ಳಬೇಕಾದ ಕೆಲಸವೊಂದಿದೆ. ಆಟಗಳ ಹೆಸರನ್ನೂ ಪಟವನ್ನೂ ಸಂಗ್ರಹಿಸುವುದರೊಡನೆ ಮನೆಮನೆಯ ಕಟ್ಟಳೆಗಳನ್ನು ಪಾಠಾಂತರಗಳೆಂದೇ ಭಾವಿಸಿ ಬರೆದಿಡಬೇಕು. ಯಾವ ವಯಸ್ಸಿನವರಿಗೆ ಯಾವ ವಿನಾಯಿತಿ, ಯಾರು ಯಾರ ಎದುರು ಕುಳಿತುಕೊಳ್ಳಬಾರದು, ಜಗಳವಾದರೆ ಯಾರ ಮಾತು ಕಡೆಯದು, ಕವಡೆಗಳನ್ನು ಎತ್ತಿಡುವವರು ಯಾರು, ಎಂಬಿವು ಕಾಯಿಯ ನಡೆಗಿಂತ ಕಡಿಮೆಯಾದ ವಿಷಯಗಳಲ್ಲ. ಹಳಗನ್ನಡ ಕಾವ್ಯದ ಒಂದು ಹಸ್ತಪ್ರತಿಯಲ್ಲಿ ಒಂದು ಅಕ್ಷರದ ಭೇದಕ್ಕೆ ತೋರುವ ಶ್ರದ್ಧೆಯ ಕಾಲುಭಾಗವನ್ನು ಇವುಗಳಿಗೆ ತೋರಿದರೂ ಸಾಕಾದೀತು.

ಅಧ್ಯಾಪಕರ ಪಾಲಿನ ಕೆಲಸವು ಇನ್ನೂ ಸುಲಭವಾದುದು. ಗರ, ಕಾಯಿ, ಕಟ್ಟೆ, ಹಣ್ಣು ಎಂಬ ಮಾತುಗಳನ್ನು ನಿಘಂಟಿನಿಂದ ಮಾತ್ರ ಬಲ್ಲ ವಿದ್ಯಾರ್ಥಿಗೆ ದ್ಯೂತಪ್ರಕರಣದಲ್ಲಿ ಕಾಣುವುದು ದ್ಯೂತನಿಂದೆ ಮಾತ್ರ. ಸಭಾಪರ್ವವನ್ನೂ ಪಂಪನ ಪದ್ಯವನ್ನೂ ಬೋಧಿಸುವ ಮುನ್ನ ಒಂದು ತರಗತಿಯ ಹೊತ್ತು ನೆಲದ ಮೇಲೆ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ಕೊಟ್ಟು ಆಡಿಸಬೇಕು. ಆಟ ಮುಗಿದಮೇಲೆ ಗೆದ್ದವರ ಹೆಸರನ್ನು ಕೇಳದೆ, ಕವಡೆಗಳನ್ನು ಆಯ್ದವರು ಯಾರೆಂದು ಕೇಳಿ, ಅನಂತರ ಪುಸ್ತಕವನ್ನು ತೆರೆಯಿಸುವುದು ಮೇಲು.